400 ಪುಟದ ಕೈಪಿಡಿಗೆ ವರ್ಡ್ ಸಾಕೇ? ಬಳಸಿದವರು ಹೇಳಿ

ಪ್ರಶ್ನೆ: ಯಂತ್ರವೊಂದರ ದುರಸ್ತಿ ಕೈಪಿಡಿ ತಯಾರಾಗಬೇಕು. ಸುಮಾರು 400 ಪುಟ, 200 ಚಿತ್ರ, ಉದ್ದುದ್ದ ಟೇಬಲ್‌ಗಳು. ಕೊನೆಗೆ ಕೊಡಬೇಕಾದದ್ದು ಪಿಡಿಎಫ್. ಪರಿವಿಡಿ ಒತ್ತಿದರೆ ಆ ಪುಟ ತೆರೆಯಬೇಕು, ಪಕ್ಕದಲ್ಲಿ ಬುಕ್‌ಮಾರ್ಕ್ ಇರಬೇಕು. ವರ್ಡ್, ಲಿಬ್ರೆ ಆಫೀಸ್, ಲೇಟೆಕ್ (ಆದೇಶಗಳನ್ನು ಬರೆದು ಓಡಿಸಿ ಪುಟ ಜೋಡಿಸುವ ತಂತ್ರಾಂಶ), ಇವುಗಳಲ್ಲಿ ಯಾವುದು?

ಉತ್ತರ 1: ವರ್ಡ್ ಧಾರಾಳವಾಗಿ ಸಾಕು. ಫೈಲ್ ಹದಗೆಡುವುದು ಪುಟ ಹೆಚ್ಚಾಗಿ ಅಲ್ಲ, ತಲೆಬರಹವನ್ನು ಬೋಲ್ಡ್ ಮಾಡಿ "3.2" ಅಂತ ಕೈಯಲ್ಲೇ ಟೈಪ್ ಮಾಡುವುದರಿಂದ. ಹೆಡಿಂಗ್ 1, 2, 3 ಸ್ಟೈಲ್‌ಗಳನ್ನು ಒಂದೇ ಮಲ್ಟಿಲೆವೆಲ್ ಲಿಸ್ಟ್‌ಗೆ ಜೋಡಿಸಿ. ಚಿತ್ರಸಂಖ್ಯೆಗೆ ಇನ್ಸರ್ಟ್ ಕ್ಯಾಪ್ಷನ್, "ಚಿತ್ರ 14 ನೋಡಿ" ಎನ್ನುವಲ್ಲೆಲ್ಲ ಕ್ರಾಸ್ ರೆಫರೆನ್ಸ್. ಚಿತ್ರಗಳು 'ಇನ್ ಲೈನ್ ವಿತ್ ಟೆಕ್ಸ್ಟ್' ಆಗಿರಲಿ. ಇಲ್ಲದಿದ್ದರೆ ಮೇಲೆ ಒಂದು ಸಾಲು ಸೇರಿಸಿದರೂ ಎಲ್ಲಿಗೋ ಜಿಗಿಯುತ್ತವೆ. ಹಲವು ಫೈಲ್‌ಗಳನ್ನು ಒಂದಾಗಿ ಜೋಡಿಸುವ ಮಾಸ್ಟರ್ ಡಾಕ್ಯುಮೆಂಟ್ ತಂಟೆಗೆ ಹೋಗಬೇಡಿ, ಫೈಲ್ ಕೆಡಿಸುವುದಕ್ಕೇ ಅದು ಹೆಸರುವಾಸಿ.

ಚಿತ್ರ ಹಾಕುವ ಮೊದಲೇ ಆಪ್ಷನ್ಸ್ > ಅಡ್ವಾನ್ಸ್ಡ್‌ನಲ್ಲಿ 'ಡು ನಾಟ್ ಕಂಪ್ರೆಸ್ ಇಮೇಜಸ್ ಇನ್ ಫೈಲ್' ಟಿಕ್ ಮಾಡಿ. ಮರೆತರೆ ಸೇವ್ ಮಾಡುವಾಗ ರೆಸಲ್ಯೂಷನ್ ಇಳಿದು ಸಣ್ಣ ಗೆರೆಗಳು ಮಸುಕಾಗುತ್ತವೆ. ಆಮೇಲೆ ಟಿಕ್ ಮಾಡಿದರೆ ಹೋದದ್ದು ವಾಪಸ್ ಬರುವುದಿಲ್ಲ.

ಪಿಡಿಎಫ್ ಮಾಡುವಾಗ 'ಪ್ರಿಂಟ್ ಟು ಪಿಡಿಎಫ್' ಬೇಡವೇ ಬೇಡ. ಪ್ರಿಂಟರ್ ದಾರಿಯಲ್ಲಿ ಹೋಗುವುದು ಅಕ್ಷರ, ಗೆರೆ, ಚಿತ್ರ ಅಷ್ಟೆ. ಲಿಂಕ್, ಬುಕ್‌ಮಾರ್ಕ್ ಎರಡೂ ಬಿದ್ದುಹೋಗುತ್ತವೆ. ಕಂಟ್ರೋಲ್+ಎ, ಎಫ್9 ಒತ್ತಿ ಪರಿವಿಡಿ, ಚಿತ್ರಸಂಖ್ಯೆಯಂಥ ಫೀಲ್ಡ್‌ಗಳನ್ನೆಲ್ಲ ಅಪ್‌ಡೇಟ್ ಮಾಡಿ. ನಂತರ ವಿಂಡೋಸ್‌ನಲ್ಲಾದರೆ ಸೇವ್ ಆ್ಯಸ್, ಪಿಡಿಎಫ್, ಆಪ್ಷನ್ಸ್, ಅಲ್ಲಿ 'ಕ್ರಿಯೇಟ್ ಬುಕ್‌ಮಾರ್ಕ್ಸ್ ಯೂಸಿಂಗ್ ಹೆಡಿಂಗ್ಸ್'. ಟೆಕ್ಸ್ಟ್ ಬಾಕ್ಸ್ ಒಳಗಿನ ಫೀಲ್ಡ್‌ಗಳಿಗೆ ಆ ಎಫ್9 ತಲುಪುವುದಿಲ್ಲ, ಅವನ್ನು ಬೇರೆಯಾಗಿ ನೋಡಿಕೊಳ್ಳಿ.

ಉತ್ತರ 2: ಪಿಡಿಎಫ್ ಮೇಲಿನ ಹಿಡಿತ ಮುಖ್ಯವಾದರೆ ಲಿಬ್ರೆ ಆಫೀಸ್ ರೈಟರ್ ಒಂದು ಕೈ ಮೇಲು. ಎಕ್ಸ್‌ಪೋರ್ಟ್ ಕಿಟಕಿಯಲ್ಲೇ ಬುಕ್‌ಮಾರ್ಕ್, ಪಿಡಿಎಫ್/ಎ (ದೀರ್ಘಕಾಲ ಕಾಪಿಡಲು ಮಾಡಿದ ಪಿಡಿಎಫ್ ಬಗೆ), ಚಿತ್ರದ ಗುಣಮಟ್ಟ ಎಲ್ಲ ಸಿಗುತ್ತದೆ. ಆದರೆ ಅದು ಚಿತ್ರಗಳನ್ನು ತಾನಾಗಿ ಜೆಪೆಗ್ ಮಾಡುತ್ತದೆ. ಸ್ಕ್ರೀನ್‌ಶಾಟ್‌ನ ಅಕ್ಷರಗಳ ಸುತ್ತ ಕೊಳೆ ಮೆತ್ತಿದಂತೆ ಕಾಣುತ್ತದೆ. 'ಲಾಸ್‌ಲೆಸ್ ಕಂಪ್ರೆಷನ್' ಆರಿಸಿ, ಫೈಲ್ ದಪ್ಪವಾದರೆ ಆಗಲಿ. ಅಗಲದ ಟೇಬಲ್‌ಗೆ ಅಡ್ಡ ಪುಟ ಬೇಕಾದಾಗ ಪೇಜ್ ಸ್ಟೈಲ್ ಬದಲಿಸಿದರೆ ಮುಗಿಯಿತು. ಒಂದೇ ಫೈಲನ್ನು ಇಲ್ಲೊಮ್ಮೆ, ವರ್ಡ್‌ನಲ್ಲೊಮ್ಮೆ ತಿದ್ದುತ್ತಾ ಹೋದರೆ ಮಾತ್ರ ನಂಬರಿಂಗ್ ಕೈಕೊಡುತ್ತದೆ.

ಉತ್ತರ 3: ಸಮೀಕರಣ ಬಹಳ ಇದ್ದರೆ, ತಿಂಗಳು ತಿಂಗಳು ಹೊಸ ಆವೃತ್ತಿ ಬರುವುದಿದ್ದರೆ ಲೇಟೆಕ್. ಅಧ್ಯಾಯಕ್ಕೊಂದು ಫೈಲ್, ಲಿಂಕ್–ಬುಕ್‌ಮಾರ್ಕ್‌ಗೆ ಹೈಪರ್‌ರೆಫ್ ಪ್ಯಾಕೇಜ್, ಪುಟ ದಾಟುವ ಟೇಬಲ್‌ಗೆ ಲಾಂಗ್‌ಟೇಬಲ್ ಪ್ಯಾಕೇಜ್. ಪುಟಸಂಖ್ಯೆಯನ್ನು ಮೊದಲ ಸುತ್ತಿನಲ್ಲಿ ಬರೆದಿಟ್ಟು ಮುಂದಿನ ಸುತ್ತಿನಲ್ಲಿ ಓದಿಕೊಳ್ಳುವುದರಿಂದ ಎರಡು–ಮೂರು ಬಾರಿ ಓಡಿಸಲೇಬೇಕು, "??" ಕಂಡರೆ ಗಾಬರಿ ಬೇಡ, ಇನ್ನೊಮ್ಮೆ ಓಡಿಸಿ. ಕನ್ನಡ ಬೆರೆತರೆ, ಲೇಟೆಕ್ ಓಡಿಸುವ ಎಂಜಿನ್‌ಗಳಲ್ಲಿ ಪಿಡಿಎಫ್‌ಲೇಟೆಕ್ ಬಿಟ್ಟು ಝೀಲೇಟೆಕ್ ಹಿಡಿಯಿರಿ. ಆದರೆ ತಿದ್ದುವ ಎಂಜಿನಿಯರುಗಳಿಗೆ ಟ್ರ್ಯಾಕ್ ಚೇಂಜಸ್ (ಯಾರು ಏನು ತಿದ್ದಿದರೆಂದು ತೋರಿಸುವ ಸೌಲಭ್ಯ) ಇಲ್ಲದೆ ಆಗುವುದಿಲ್ಲ ಎಂದಾದರೆ ಈ ದಾರಿ ಬೇಡ.

ಉತ್ತರ 4: ಯಾವುದಾದರೂ ಸರಿ, ಮೊದಲು 20 ಪುಟ ಮಾಡಿ ನೋಡಿ: ಅತಿ ಉದ್ದದ ಟೇಬಲ್, ಒಂದು ಅಡ್ಡ ಪುಟ, ಒಂದು ವೆಕ್ಟರ್ ಚಿತ್ರ (ಹಿಗ್ಗಿಸಿದರೂ ಮಸುಕಾಗದ ಗೆರೆಚಿತ್ರ) ಇರಲಿ. ಪಿಡಿಎಫ್‌ನ ಪ್ರಾಪರ್ಟೀಸ್‌ನಲ್ಲಿ ಪ್ರತಿ ಫಾಂಟ್ ಎದುರು 'ಎಂಬೆಡೆಡ್' (ಫಾಂಟ್ ಫೈಲ್‌ನೊಳಗೇ ಸೇರಿದೆ) ಎಂದಿರಬೇಕು. ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಒತ್ತಕ್ಷರ ಚೆಲ್ಲಾಪಿಲ್ಲಿಯಾದರೆ ಆ ಪಿಡಿಎಫ್‌ನಲ್ಲಿ ಕನ್ನಡ ಪದ ಹುಡುಕಿದರೂ ಸಿಗುವುದಿಲ್ಲ.