ಮಿದುಳಿನ ರಕ್ತನಾಳ 70% ಕಿರಿದಾಗಿದೆ, ಮತ್ತೊಂದು ಸ್ಕ್ಯಾನ್ ಯಾಕೆ?

ಪ್ರಶ್ನೆ: ಮೇಡಂ, ಅಪ್ಪನಿಗೆ 64 ವರ್ಷ. ಕಳೆದ ವಾರ ಕಾಫಿ ಕುಡಿಯುವಾಗ ಬಲಗೈಯಿಂದ ಲೋಟ ಜಾರಿ ಬಿತ್ತು, ಮಾತು ತೊದಲಿತು. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು. ಎಂಆರ್‌ಐ ಆಂಜಿಯೋದಲ್ಲಿ ಎಡಗಡೆಯ ಎಂಸಿಎ (ಮಿದುಳಿಗೆ ರಕ್ತ ಕೊಡುವ ಒಂದು ದೊಡ್ಡ ನಾಳ) 70% ಕಿರಿದಾಗಿದೆ ಅಂತ ಬಂದಿದೆ. ಈಗ ಸಿಟಿ ಪರ್ಫ್ಯೂಷನ್ ಬೇರೆ ಬರೆದಿದ್ದಾರೆ. ಬ್ಲಾಕ್ ಇರುವುದು ಗೊತ್ತಾಯಿತಲ್ವಾ? ನೇರವಾಗಿ ಸ್ಟೆಂಟ್ ಹಾಕಬಾರದಾ?

ಉತ್ತರ (ರೇಡಿಯಾಲಜಿಸ್ಟ್): ಆಂಜಿಯೋ ತೋರಿಸುವುದು ನಾಳದ ಅಗಲ. ಅದರಾಚೆಯ ಮಿದುಳಿಗೆ ರಕ್ತ ಎಷ್ಟು ಮುಟ್ಟುತ್ತಿದೆ ಅಂತ ಅದರಲ್ಲಿ ತಿಳಿಯುವುದಿಲ್ಲ. ಕಾಲುವೆಯಲ್ಲಿ ಹೂಳು ತುಂಬಿದರೂ ಪಕ್ಕದ ಕಾಲುವೆಯಿಂದ ನೀರು ಹಾಯುತ್ತಿದ್ದರೆ ಗದ್ದೆ ಒಣಗುವುದಿಲ್ಲ. ಮಿದುಳಲ್ಲೂ ಹಾಗೇ, ಅಕ್ಕಪಕ್ಕದ ನಾಳಗಳು ನೆರವಿಗೆ ಬರುತ್ತವೆ. ಕೆಲವರಿಗೆ ಜಾಸ್ತಿ, ಕೆಲವರಿಗೆ ಕಡಿಮೆ. ಹಾಗಾಗಿ ಬರೀ 70% ನೋಡಿ ನಾನು ತೀರ್ಮಾನ ಹೇಳುವುದಿಲ್ಲ.

ಮಿದುಳಿಗೆ ರಕ್ತ ಎಷ್ಟು ಮುಟ್ಟುತ್ತಿದೆ ಅಂತ ನೋಡುವ ಸ್ಕ್ಯಾನೇ ಸಿಟಿ ಪರ್ಫ್ಯೂಷನ್. ಅದರಲ್ಲಿ ಕೈಯ ರಕ್ತನಾಳಕ್ಕೆ ಅಯೋಡಿನ್ ಇರುವ ಡೈ ಕೊಡುತ್ತೇವೆ. ಮೈಯೆಲ್ಲ ಬಿಸಿ ಹರಿದ ಹಾಗಾಗುತ್ತದೆ, ತಂದೆಯವರಿಗೆ ಮೊದಲೇ ಹೇಳಿಟ್ಟಿರಿ. ಸುಮಾರು ಒಂದು ನಿಮಿಷ ಅದೇ ಜಾಗದ ಚಿತ್ರವನ್ನು ಮತ್ತೆ ಮತ್ತೆ ತೆಗೆದು, ಡೈ ಎಷ್ಟು ಹೊತ್ತಿಗೆ ಬಂತು, ಎಷ್ಟು ಬಂತು ಅಂತ ಲೆಕ್ಕ ಹಾಕುತ್ತೇವೆ. 100 ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿ ರಕ್ತ ಹೋಗಬೇಕು. 20ರ ಕೆಳಗೆ ಇಳಿದರೆ ಆ ಭಾಗ ಕೆಲಸ ನಿಲ್ಲಿಸುತ್ತದೆ. ಡೈ ತಡವಾಗಿ ಬಂದರೂ ರಕ್ತದ ಪ್ರಮಾಣ ಸರಿಯಿದ್ದರೆ ಪಕ್ಕದ ನಾಳಗಳು ದುಡಿಯುತ್ತಿವೆ ಅಂತ ತಿಳಿಯಬಹುದು. ಪ್ರಮಾಣವೂ ಕುಸಿದಿದ್ದರೆ ನಮಗೆ ಆತಂಕ.

ಸ್ಟೆಂಟ್‌ಗೆ ಆತುರ ಬೇಡ. 2011ರಲ್ಲಿ ಪ್ರಕಟವಾದ ಸ್ಯಾಂಪ್ರಿಸ್ ಅಧ್ಯಯನದಲ್ಲಿ ಮಿದುಳಿನೊಳಗಿನ ನಾಳ 70ರಿಂದ 99% ಕಿರಿದಾದವರೇ ಇದ್ದರು. 30 ದಿನದೊಳಗೆ ಸ್ಟ್ರೋಕ್ ಅಥವಾ ಸಾವು ಕಂಡವರು ಸ್ಟೆಂಟ್ ಗುಂಪಿನಲ್ಲಿ 14.7%, ಬರೀ ಔಷಧಿ ಗುಂಪಿನಲ್ಲಿ 5.8%. ಹಾಗಾಗಿ ಮೊದಲು ರಕ್ತ ತೆಳುವಾಗಿಸುವ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ, ಬಿಪಿ ಮತ್ತು ಶುಗರ್ ಹತೋಟಿ. ಬೀಡಿ, ಸಿಗರೇಟು ಇದ್ದರೆ ಇವತ್ತೇ ಬಿಡಿಸಿ.

ಪ್ರಶ್ನೆ: ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ಳುತ್ತಾರೆ. ಬೆಳಗ್ಗೆ ಎದ್ದು ನಿಂತರೆ ತಲೆ ಸುತ್ತುತ್ತದೆ. ಬಿಪಿ ಮಾತ್ರೆ ನಿಲ್ಲಿಸಲಾ?

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ. ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ಬಿಪಿ ನೋಡಿ ಬರೆದಿಟ್ಟು ನಿಮ್ಮ ನ್ಯೂರಾಲಜಿಸ್ಟ್‌ಗೆ ತೋರಿಸಿ. ನಾಳ ಕಿರಿದಾದವರಿಗೆ ಬಿಪಿ ತೀರಾ ಇಳಿದರೂ ಕಷ್ಟ, ಡೋಸ್ ಬದಲಿಸಬೇಕಾಗಬಹುದು. ಸ್ಕ್ಯಾನ್‌ಗೆ ಹೋಗುವಾಗ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತ ಪರೀಕ್ಷೆ) ರಿಪೋರ್ಟ್ ಒಯ್ಯಿರಿ. ಮೆಟ್‌ಫಾರ್ಮಿನ್ ನಿಲ್ಲಿಸಬೇಕೋ ಬೇಡವೋ ಕಿಡ್ನಿ ನೋಡಿ ಹೇಳುತ್ತಾರೆ. ಹಿಂದೆ ಡೈಗೆ ಅಲರ್ಜಿ ಆಗಿದ್ದರೆ ಅದನ್ನೂ ತಿಳಿಸಿ.

ಇನ್ನೊಂದು ಮಾತು. ಮತ್ತೆ ಕೈ ಸೋತರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಹತ್ತು ನಿಮಿಷ ಕಾಯಬೇಡಿ. ಶುರುವಾದ ಸಮಯ ಬರೆದುಕೊಂಡು ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ತಕ್ಷಣ ಕರೆದೊಯ್ಯಿರಿ.