ಚಾರಣ ಬರಹವನ್ನೇ ನಂಬಿಕೊಂಡು ಕೆಲಸ ಬಿಡಬಹುದಾ?

ಬೆಣ್ಣೆನಗರಿಯವಳು:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು, ವಯಸ್ಸು 28. ಒಂದು ಆಡಿಟರ್ ಆಫೀಸಿನಲ್ಲಿ ಆರು ವರ್ಷದಿಂದ ಕೆಲಸ. ಕುಮಾರ ಪರ್ವತ ಎರಡು ಸಲ, ಕುದುರೆಮುಖ ಒಂದು ಸಲ ಹತ್ತಿದ್ದೇನೆ. ಅದರ ಮೇಲೆ ಬರೆದ ಎರಡು ಲೇಖನ ಪತ್ರಿಕೆಯ ಪುರವಣಿಯಲ್ಲಿ ಬಂದವು. ಅಪ್ಪ ಆ ಪುಟಗಳನ್ನು ಕತ್ತರಿಸಿ ದೇವರ ಕೋಣೆಯಲ್ಲಿಟ್ಟಿದ್ದಾರೆ. ಅಮ್ಮ ಮಾತ್ರ, "ಗುಡ್ಡ ಹತ್ತಿ ಇಳಿದರೆ ಸಂಬಳ ಯಾರು ಕೊಡ್ತಾರೆ?" ಅನ್ನುತ್ತಾರೆ.

ನೇಪಾಳದ ಅನ್ನಪೂರ್ಣ ಸರ್ಕ್ಯೂಟ್, ಅಂದರೆ ಅನ್ನಪೂರ್ಣ ಪರ್ವತಗಳನ್ನು ಸುತ್ತುವ ಚಾರಣದ ಹಾದಿ, ನಡೆಯಬೇಕು ಅಂತ ತುಂಬಾ ಆಸೆ. ಆದರೆ ಅಕ್ಟೋಬರ್ ಬಂದರೆ ನಮ್ಮಲ್ಲಿ ರಿಟರ್ನ್ಸ್ ಗಡಿಬಿಡಿ, ರಜೆ ಕೇಳುವ ಹಾಗೇ ಇಲ್ಲ. ಕೆಲಸ ಬಿಟ್ಟು ಬರಹಕ್ಕೇ ಕೂತರೆ ಬದುಕು ನಡೆಯುತ್ತಾ? ಇನ್ನೊಂದು, ನಮ್ಮೂರು ಸಮತಟ್ಟು. ಇಲ್ಲಿದ್ದುಕೊಂಡು ಅಷ್ಟು ಎತ್ತರಕ್ಕೆ ಕಾಲು ತಯಾರು ಮಾಡುವುದು ಹೇಗೆ?

ದುರ್ಗದ ಕಾಲ್ನಡಿಗೆ:

ತಂಗಿ, ನಾನು ಚಿತ್ರದುರ್ಗದವನು. ಹನ್ನೊಂದು ವರ್ಷದಿಂದ ಇದೇ ಮಾಡುತ್ತಿದ್ದೇನೆ. ಈಗಲೇ ಕೆಲಸ ಬಿಡಬೇಡಿ.

ಲೆಕ್ಕ ಹೇಳಿಬಿಡುತ್ತೇನೆ. ಬರಹದಿಂದ ಬರುವುದು ನಮ್ಮ ಮನೆ ಖರ್ಚಿನ ಮೂರನೇ ಒಂದು ಭಾಗ. ಉಳಿದದ್ದು ಅನುವಾದದಿಂದ, ಮತ್ತೆ ಚಾರಣದ ಗುಂಪುಗಳ ಜೊತೆ ಹೋಗುವುದರಿಂದ. ದುಡ್ಡು ಕಡಿಮೆ ಅನ್ನುವುದಕ್ಕಿಂತ ಯಾವಾಗ ಬರುತ್ತದೋ ಗೊತ್ತಿಲ್ಲ ಅನ್ನುವುದೇ ಜಾಸ್ತಿ ಕಷ್ಟ. ಬರೆದು ಕಳಿಸಿದ ದಿನ ಬರಲ್ಲ, ಅಚ್ಚಾದ ಮೇಲೆ ಬರುತ್ತದೆ. ಒಂದು ಸಲ ಅಕ್ಕನ ಚೀಟಿ ದುಡ್ಡು ಸಾಲ ತಗೊಂಡು ಉತ್ತರಾಖಂಡಕ್ಕೆ ಹೋಗಿ ಬಂದೆ. ಲೇಖನ, ಹನ್ನೆರಡು ಫೋಟೋ, ಎಲ್ಲ ಒಪ್ಪಿಕೊಂಡರು. ಎಂಟು ತಿಂಗಳು ಕಾಯಿಸಿ ಆ ಅಂಕಣವನ್ನೇ ನಿಲ್ಲಿಸಿದರು. ಒಂದು ರೂಪಾಯಿ ಬರಲಿಲ್ಲ. ಅಕ್ಕ ಒಂದು ದಿನವೂ ಕೇಳಲಿಲ್ಲ, ಅದೇ ನನಗೆ ಇನ್ನೂ ಚುಚ್ಚುತ್ತದೆ. ಅವತ್ತಿನಿಂದ ಒಪ್ಪಿಕೊಂಡರೆ ಎಷ್ಟು ಕೊಡುತ್ತೀರಿ, ಯಾವಾಗ, ಅಚ್ಚಾಗದಿದ್ದರೆ ಏನು ಅಂತ ಮೇಲ್‌ನಲ್ಲಿ ಬರೆಸಿಕೊಳ್ಳದೆ ಹೊರಡುವುದಿಲ್ಲ. ಟಿಡಿಎಸ್ ವಿಷಯ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ರಜೆಗೆ ದಾರಿ ಇದೆ. ಅನ್ನಪೂರ್ಣಕ್ಕೆ ಅಕ್ಟೋಬರ್ ಒಂದೇ ಅಲ್ಲ, ಏಪ್ರಿಲ್ ಕೂಡ ಒಳ್ಳೆಯ ಕಾಲ. ಮಾರ್ಚ್ ಮುಗಿಸಿ ಹೊರಡಬಹುದು. ಕೆಳಗಿನ ಕಾಡಿನಲ್ಲಿ ಗುರಾಸ್ ಹೂವು ಕೆಂಪಗೆ ಬಿಟ್ಟಿರುತ್ತದೆ.

ಈಗ ಬರಹದ ಮಾತು. ಬರೆದುಕೊಳ್ಳುವ ಪುಸ್ತಕ ಜೇಬಿನಲ್ಲಿರಲಿ, ಬ್ಯಾಗಿನಲ್ಲಿ ಬೇಡ. ಪೆನ್ ಬದಲು ಪೆನ್ಸಿಲ್ ಇಟ್ಟುಕೊಳ್ಳಿ, ಚಳಿಗೆ ಪೆನ್ನಿನ ಇಂಕು ಹಿಡಿದುಕೊಳ್ಳುತ್ತದೆ. ಆ ಹಾದಿಯ ಅತಿ ಎತ್ತರದ ಕಣಿವೆದಾರಿ ಥೊರಾಂಗ್ ಲಾ ದಾಟಿದ ದಿನ ನನ್ನ ಪುಸ್ತಕದಲ್ಲಿದ್ದದ್ದು ಇಷ್ಟೇ:

"4.10 ಹೊರಟೆ. ಪೈಪಿನೊಳಗೆ ನೀರು ಗಟ್ಟಿ. ಮುಂದಿನವನ ಹಿಮ್ಮಡಿ ಮಾತ್ರ ಕಾಣುತ್ತಿದೆ. ಎಡ ಹೆಬ್ಬೆರಳು ಇದೆಯೋ ಇಲ್ಲವೋ."

ಆಮೇಲೆ ಕೆಳಗಿಳಿದು, ಒಲೆ ಪಕ್ಕ ಕೂತು ಹಿಮ, ಮೌನ, ಬೆಳ್ಳಿ ಬೆಟ್ಟ ಅಂತ ಮೂರು ಪುಟ ಬರೆದೆ. ಸಂಪಾದಕರು ಆ ಮೂರು ಪುಟ ತೆಗೆದು ಈ ಸಾಲುಗಳನ್ನು ಉಳಿಸಿಕೊಂಡರು. ಅವರೇ ಸರಿ. ಓದುವವರಿಗೆ ಆ ಹಿಮ್ಮಡಿ ಬೇಕು. ನೀರು ಎಲ್ಲಿ ಸಿಗುತ್ತದೆ, ಎಷ್ಟು ಗಂಟೆ ಹಿಡಿಯಿತು, ರಾತ್ರಿ ಹೊಟ್ಟೆಗೆ ಏನು ಸಿಕ್ಕಿತು, ಇವೂ ಬೇಕು.

ಹರಿಹರದ ನರ್ಸಕ್ಕ:

ಆರೋಗ್ಯದ ಮಾತು ನಾನು ಸೇರಿಸುತ್ತೇನೆ. ಥೊರಾಂಗ್ ಲಾ 5,416 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧದಷ್ಟೇ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು. ದಾರಿಯಲ್ಲಿರುವ ಮನಾಂಗ್ ಊರಿನಲ್ಲಿ ಹೆಚ್ಚಿನವರು ಒಂದು ದಿನ ನಿಲ್ಲುವುದು ಅದಕ್ಕೇ. ತಲೆನೋವು, ವಾಂತಿ ಶುರುವಾದರೆ ಏರಬೇಡಿ. ಜಾಸ್ತಿಯಾದರೆ ಇಳಿಯಲೇಬೇಕು, ರಾತ್ರಿಯಾದರೂ ಸರಿ. ಎತ್ತರದ ಕಾಯಿಲೆಗೆ ಕೊಡುವ ಡೈಮಾಕ್ಸ್ ಮಾತ್ರೆ ಡಾಕ್ಟರನ್ನು ಕೇಳದೆ ತಗೋಬೇಡಿ ತಾಯಿ. ಕಾಲಿನ ಶಕ್ತಿಗೂ ಈ ಕಾಯಿಲೆಗೂ ಸಂಬಂಧವೇ ಇಲ್ಲ. ಗಟ್ಟಿಮುಟ್ಟಾದ ಹುಡುಗರೇ ಅವಸರ ಮಾಡಿ ಬೀಳುತ್ತಾರೆ.

ದುರ್ಗದ ಕಾಲ್ನಡಿಗೆ:

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ.

ಕಾಲಿನ ತಯಾರಿ ಕೇಳಿದ್ದಿರಿ. ಎಲ್ಲರೂ ಹತ್ತುವುದನ್ನೇ ಅಭ್ಯಾಸ ಮಾಡುತ್ತಾರೆ, ಮಂಡಿ ಕೈಕೊಡುವುದು ಇಳಿಯುವಾಗ. ಥೊರಾಂಗ್ ಲಾದಿಂದ ಮುಕ್ತಿನಾಥಕ್ಕೆ ಒಂದೇ ದಿನ ಸುಮಾರು 1,600 ಮೀಟರ್ ಇಳಿಯಬೇಕು. ಕುಮಾರ ಪರ್ವತದ ತುದಿಯಿಂದ ಸುಬ್ರಹ್ಮಣ್ಯಕ್ಕೆ ಇಳಿದರೂ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಅಂದರೆ ಆ ಇಳಿಜಾರನ್ನು ನಿಮ್ಮ ಮಂಡಿ ಆಗಲೇ ಎರಡು ಸಲ ನೋಡಿದೆ!

ವಾರದ ದಿನ ಮೆಟ್ಟಿಲು ಸಾಕು. ಭಾನುವಾರ ಕೊಂಡಜ್ಜಿ ಗುಡ್ಡಕ್ಕೆ ಹೋಗಿ. ತಿಂಗಳಿಗೊಮ್ಮೆ ದುರ್ಗಕ್ಕೆ ಬನ್ನಿ. ಕೋಟೆಯ ಕಲ್ಲು ಮೆಟ್ಟಿಲು ಒಂದೊಂದೂ ಒಂದೊಂದು ಎತ್ತರ, ಬೆಟ್ಟದ ಹಾದಿಯ ಹಾಗೇ. ಅಲ್ಲೇ ಹತ್ತಿರದ ಜೋಗಿಮಟ್ಟಿ ಗುಡ್ಡಕ್ಕೆ ಅರಣ್ಯ ಇಲಾಖೆಯ ಅನುಮತಿ ತಗೊಂಡು ಹೋಗಿ. ಬ್ಯಾಗಿನಲ್ಲಿ ಐದು ಕೆಜಿ ಅಕ್ಕಿಯಿಂದ ಶುರು ಮಾಡಿ, ಹತ್ತಕ್ಕೆ ಏರಿಸಿ.

ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತಗೊಂಡು ಹೋಗಿ. ದಾರಿಯಲ್ಲಿ ದಾಲ್ ಭಾತ್ ಸಿಗುತ್ತದೆ, ಅನ್ನ, ಬೇಳೆ, ಪಲ್ಯ ಮತ್ತೆ ಮತ್ತೆ ಬಡಿಸುತ್ತಾರೆ. ಆದರೂ ಹತ್ತನೇ ದಿನಕ್ಕೆ ನಮ್ಮ ಖಾರ ನೆನಪಾಗುತ್ತದೆ.

ಬೆಣ್ಣೆನಗರಿಯವಳು:

ಅಣ್ಣ, ಅಕ್ಕ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕೆಲಸ ಬಿಡಲ್ಲ. ಏಪ್ರಿಲ್ ರಜೆಗೆ ಸೋಮವಾರವೇ ಅರ್ಜಿ ಕೊಡುತ್ತೇನೆ. ಒಂದು ಕೇಳಲಾ? ಅನ್ನಪೂರ್ಣದ ಬಗ್ಗೆ ಈಗಾಗಲೇ ಎಷ್ಟೋ ಜನ ಬರೆದಿದ್ದಾರೆ. ನಾನು ಬರೆದರೆ ಯಾರಿಗೆ ಬೇಕು?

ದುರ್ಗದ ಕಾಲ್ನಡಿಗೆ:

ಆಡಿಟರ್ ಆಫೀಸಿನ ಕಣ್ಣು ಅಲ್ಲಿಗೆ ಹೋಗಿಲ್ಲವಲ್ಲ. ಆ ಹಾದಿಯಲ್ಲಿ ಮೇಲಕ್ಕೆ ಹೋದಂತೆ ಒಂದು ಲೋಟ ಚಹಾದ ರೇಟು ಏರುತ್ತಾ ಹೋಗುತ್ತದೆ. ಜೀಪು ರಸ್ತೆ ಮುಗಿದ ಮೇಲೆ ಗ್ಯಾಸ್ ಸಿಲಿಂಡರನ್ನು ಜನ ಬೆನ್ನ ಮೇಲೆ ಹೊತ್ತು, ಹೇಸರಗತ್ತೆ ಮೇಲೆ ಹೇರಿ ತರುತ್ತಾರೆ. ಪ್ರತಿ ಊರಿನಲ್ಲೂ ಚಹಾದ ರೇಟು, ಅದನ್ನು ಮಾಡಿಕೊಟ್ಟವರ ಮಾತು ಬರೆದುಕೊಂಡು ಬನ್ನಿ. ಅದನ್ನು ನಾನೇ ಮೊದಲು ಓದುತ್ತೇನೆ.

ಅದಕ್ಕೂ ಮುಂಚೆ ಕೊಂಡಜ್ಜಿ ಗುಡ್ಡದ ಮೇಲೆ ಎರಡು ಪುಟ ಬರೆದು ಇಲ್ಲಿ ಹಾಕಿ. ಪೆನ್ಸಿಲ್‌ನಲ್ಲೇ ಬರೆದುಕೊಳ್ಳಿ.