ಆರ್ನೆಮ್ ಆಟ: ನನ್ನ ಜರ್ಮನ್ನರು ಮೊದಲ ಸಂಜೆಯೇ ಸೋಲುತ್ತಿದ್ದಾರೆ, ಯಾಕೆ?

ತಗಡುಸಿಪಾಯಿ (ಶನಿವಾರ ರಾತ್ರಿ 11:20)
ತಲೆ ಕೆಟ್ಟು ಹೋಗಿದೆ. ಐದು ಆಟ, ಐದೂ ಸೋಲು. ಮೇಜಿನ ಮೇಲಿನ ಯುದ್ಧದಾಟ: ಎರಡನೇ ಮಹಾಯುದ್ಧ, 1944ರ ಸೆಪ್ಟೆಂಬರ್ 17, ನೆದರ್ಲೆಂಡ್ಸ್‌ನ ಆರ್ನೆಮ್, ಅಲ್ಲಿನ ಸೇತುವೆ ಹಿಡಿಯಲು ಬ್ರಿಟಿಷ್ ಪ್ಯಾರಾಗಳು (ಪ್ಯಾರಾಚೂಟ್ ಸೈನಿಕರು) ಇಳಿದ ದಿನ. ನಾನು ಜರ್ಮನ್, ತಮ್ಮ ಬ್ರಿಟಿಷ್. ಸ್ಪಿಂಡ್ಲರ್ ಕಾಂಪ್ಫ್‌ಗ್ರುಪ್ಪದ (ಬೇರೆ ಬೇರೆ ದಳಗಳನ್ನು ಒಬ್ಬನ ಕೈಕೆಳಗೆ ಸೇರಿಸಿ ಕಟ್ಟಿದ ಜರ್ಮನ್ ಪಡೆ) ತುಕಡಿಗಳನ್ನೆಲ್ಲ ಸರಿಯಾಗಿಯೇ ಇಟ್ಟಿದ್ದೇನೆ. ಆದರೂ ಎಂಟನೇ ಸುತ್ತಿಗೆ ಮೂರೂ ಪ್ಯಾರಾ ಬೆಟಾಲಿಯನ್‌ಗಳು ಸೇತುವೆ ಹತ್ತಿರ ನಿಂತಿರುತ್ತವೆ. 2ನೇ ಬೆಟಾಲಿಯನ್‌ನ ಕಮಾಂಡರ್ ಫ್ರಾಸ್ಟ್ ತಲುಪಲಿ, ಅವನು ನಿಜವಾಗಿಯೂ ತಲುಪಿದ್ದ. ಉಳಿದ ಎರಡು ಹೇಗೆ ಬರುತ್ತವೆ? ದಾಳ ಬದಲಾಯಿಸಿ ನೋಡಿದೆ. ಪ್ರಯೋಜನ ಇಲ್ಲ. ನಿಯಮ ನಮ್ಮ ಮನೆಯದೇ, ಮಾಮೂಲಿ ಚೀಟಿ ಎತ್ತುವ ಪದ್ಧತಿ, ಯಾರ ಚೀಟಿ ಬಂತೋ ಅವರು ಆ ಸುತ್ತಿನಲ್ಲಿ ಚಲಿಸುತ್ತಾರೆ.

ಪ್ಯಾಂಥರ್‌ಪುಟ್ಟಣ್ಣ
ಟ್ಯಾಂಕ್ ಎಷ್ಟಿಟ್ಟಿದ್ದೀರಿ? ಕಡಿಮೆ ಇರುತ್ತೆ, ನೋಡಿ. 9ನೇ ಎಸ್‌ಎಸ್ (ನಾಜಿ ಪಕ್ಷದ ಸ್ವಂತ ಸೇನೆ) ಪ್ಯಾಂಜರ್, ಅಂದರೆ ಟ್ಯಾಂಕ್ ಡಿವಿಷನ್ ಅಂದಮೇಲೆ ಒಂದು ಹತ್ತಾದರೂ ಬೇಕು.

ತಗಡುಸಿಪಾಯಿ
ನಾಲ್ಕು ಇಟ್ಟಿದ್ದೇನೆ. ಸ್ಟುಗ್ (ತಿರುಗುವ ಗೋಪುರ ಇಲ್ಲದ ತೋಪುಗಾಡಿ) ಎರಡು, ಪ್ಯಾಂಥರ್ ಎರಡು.

ಪ್ಯಾಂಥರ್‌ಪುಟ್ಟಣ್ಣ
ಅದೇ ಮತ್ತೆ! ಎಂಟು ಮಾಡಿ. ಮುಂದಿನ ಆಟ ನಿಮ್ಮದೇ.

ಹೇಮಾವತಿದಡ
ಎಂಟು ಯಾಕೆ, ಆ ನಾಲ್ಕನ್ನೂ ತೆಗೆಯಬೇಕು. 17ರ ಸಂಜೆ ಆ ರಸ್ತೆಗಳಲ್ಲಿ ಟ್ಯಾಂಕ್ ಸಾಲು ಎಲ್ಲಿತ್ತು? 280ನೇ ಬ್ರಿಗೇಡ್‌ನ ಸ್ಟುಗ್‌ಗಳು ಬಂದದ್ದು 19ಕ್ಕೆ. ಇನ್ನೊಬ್ಬ ಜರ್ಮನ್ ಅಧಿಕಾರಿ ಕ್ನೌಸ್ಟ್‌ನ ಹಳೇ ತರಬೇತಿ ಟ್ಯಾಂಕ್‌ಗಳೂ ಮೊದಲ ದಿನ ಇರಲಿಲ್ಲ. 9ನೇ ಡಿವಿಷನ್ ಜರ್ಮನಿಗೆ ರೈಲು ಹತ್ತಲು ಗಂಟುಮೂಟೆ ಕಟ್ಟುತ್ತಿತ್ತು. ಉಳಿದ ಸಾಮಾನನ್ನು 10ನೇ ಡಿವಿಷನ್‌ಗೆ ಕೊಡಬೇಕು ಅಂತ ಆದೇಶ. 9ನೆಯದರ ಕಮಾಂಡರ್ ಹಾರ್ಟ್ಸರ್ ಜಾಣ. ಕೆಲವು ವಾಹನಗಳ ಚಕ್ರ, ತೋಪು ಬಿಚ್ಚಿಸಿ 'ಕೆಟ್ಟಿದೆ' ಅಂತ ಲೆಕ್ಕಕ್ಕೆ ಬರೆಸಿಬಿಟ್ಟಿದ್ದ.

ಪ್ಯಾಂಥರ್‌ಪುಟ್ಟಣ್ಣ
ಮೊದಲ ದಿನವೇ ಟೈಗರ್ ಟ್ಯಾಂಕ್ ಇತ್ತು ಅಂತ ನಾನೇ ಓದಿದ್ದೇನೆ. ಬ್ರಿಟಿಷ್ ನಕ್ಷೆಯಲ್ಲೇ ಬರೆದಿದೆ.

ಹೇಮಾವತಿದಡ
ಅದು ರಸ್ತೆಯ ಹೆಸರು ಮಾರಾಯ್ರೆ! ಬ್ರಿಟಿಷರು ಸೇತುವೆಗೆ ಹೋಗುವ ಮೂರು ದಾರಿಗೆ ಲಯನ್, ಟೈಗರ್, ಲೆಪರ್ಡ್ ಅಂತ ಗುಟ್ಟಿನ ಹೆಸರು ಇಟ್ಟಿದ್ದರು. ಲಯನ್ ಅಂದರೆ ನದಿ ದಡದ ಕೆಳಗಿನ ರಸ್ತೆ. ಫ್ರಾಸ್ಟ್‌ನ 2ನೇ ಬೆಟಾಲಿಯನ್ ಅದರಲ್ಲೇ ಹೋಯಿತು, ಅಲ್ಲಿ ತಡೆ ಕಡಿಮೆ ಇತ್ತು. 3ನೆಯದು ನಡುವಿನ ಟೈಗರ್, 1ನೆಯದು ಉತ್ತರದ ಲೆಪರ್ಡ್. ಟೈಗರ್ ಟ್ಯಾಂಕ್ ಬಂದದ್ದು ಆಮೇಲೆ.

ಫೆವಿಕಾಲ್‌ಭಟ
ನಡುವೆ ಒಂದು ಮಾತು. 'ಕಾಂಪ್ಫ್‌ಗ್ರುಪ್ಪ' ಅಂತ ಬಾಯಿ ಸುಟ್ಟುಕೊಳ್ಳುವುದು ಯಾಕೆ? ಕನ್ನಡದಲ್ಲಿ 'ಕಾಳಗದ ತಂಡ' ಅನ್ನಬಹುದಲ್ವಾ?

ಬೋರ್ಡ್‌ಬಸಣ್ಣ_ಹುಬ್ಬಳ್ಳಿ
ತಂಡ ಅಂದ್ರ ಕಬಡ್ಡಿ ತಂಡ ಆಗ್ತದ ನೋಡ್ರಿ. ಕಲಸುಮೇಲೋಗರ ಪಡೆ ಅನ್ನಿ. ಒಳಗ ಇರೋದೂ ಅದೇ.

ಫೆವಿಕಾಲ್‌ಭಟ
ಹಾಗೆ ಅಂದರೆ ಅವಸರದಲ್ಲಿ ಕಟ್ಟಿದ್ದು ಅಂತ ಮಾತ್ರ ಅರ್ಥ ಬರುತ್ತೆ. ಜರ್ಮನ್ನರು ಬೇಕಂತಲೇ ಯೋಜನೆ ಹಾಕಿಯೂ ಕಟ್ಟುತ್ತಿದ್ದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಬೆಲ್ಜಿಯಂನ ಆರ್ಡೆನ್ಸ್ ದಾಳಿಯಲ್ಲಿ ಎಸ್‌ಎಸ್ ಅಧಿಕಾರಿ ಪೈಪರ್‌ನ ಪಡೆ ಮೊದಲೇ ಕಾಗದದ ಮೇಲೆ ತಯಾರಾಗಿತ್ತು. ಟ್ಯಾಂಕ್, ಕಾಲಾಳು, ಇಂಜಿನಿಯರ್, ಫ್ಲಾಕ್ (ವಿಮಾನ ಹೊಡೆಯುವ ತೋಪಿನವರು) ಎಲ್ಲ ಸೇರಿಸಿ. ಆದರೂ ಸೇತುವೆ ಕಟ್ಟುವ ಸಾಮಾನು ಮುಂದೆ ಇರಲಿಲ್ಲ. ಅಮೆರಿಕನ್ ಇಂಜಿನಿಯರ್‌ಗಳು ಟ್ರಾ ಪೋನ್‌ನಲ್ಲಿ ಸೇತುವೆ ಉಡಾಯಿಸಿದ ಮೇಲೆ ಅವನು ಸುತ್ತಿ ಸುತ್ತಿ ಲಾ ಗ್ಲೇಜ್‌ನಲ್ಲಿ ಸಿಕ್ಕಿಬಿದ್ದ. ಕೊನೆಗೆ ಡಿಸೆಂಬರ್ 24ರ ಬೆಳಗಿನ ಜಾವ ಸುಮಾರು 800 ಜನ ವಾಹನ ಬಿಟ್ಟು ನಡೆದುಕೊಂಡು ಹೋದರು.

ತಗಡುಸಿಪಾಯಿ
ನನ್ನ ಸಮಸ್ಯೆ ಆರ್ಡೆನ್ಸ್ ಅಲ್ಲ ಸ್ವಾಮಿ. ಟ್ಯಾಂಕ್ ತೆಗೆದು ಈಗಷ್ಟೇ ಆಡಿದೆ. ಏಳನೇ ಸುತ್ತಿಗೇ ಸೋತೆ.

ಪ್ಯಾಂಥರ್‌ಪುಟ್ಟಣ್ಣ
ನಾನು ಹೇಳಲಿಲ್ವಾ.

ಹೇಮಾವತಿದಡ
ಚೀಟಿ ಎತ್ತುವುದು ಅಂದಿರಲ್ಲ, ಯಾವ ಚೀಟಿಯಲ್ಲಿ ಏನು ಬರೆದಿದ್ದೀರಿ? ಅದನ್ನು ಹೇಳಲೇ ಇಲ್ಲ.

ತಗಡುಸಿಪಾಯಿ
ಅದು ಮಾಮೂಲಿಯೇ. ಫಿರಂಗಿಯವರಿಗೆ ಒಂದು, ಇಂಜಿನಿಯರ್‌ಗಳಿಗೆ ಒಂದು, ಫ್ಲಾಕ್‌ಗೆ ಒಂದು, ಟ್ಯಾಂಕ್ ನಿರೋಧಕದವರಿಗೆ ಒಂದು, ಟ್ಯಾಂಕ್ ಇಲ್ಲದ ಟ್ಯಾಂಕಿನವರಿಗೆ ಒಂದು, ಕ್ರಾಫ್ಟ್‌ನ ತರಬೇತಿ ಬೆಟಾಲಿಯನ್‌ಗೆ ಒಂದು. ಸ್ಟೀಲ್ ಲೋಟದಲ್ಲಿ ಹಾಕಿ ಸುತ್ತಿಗೆ ಮೂರು ಎತ್ತುತ್ತೇನೆ. ತಮ್ಮನಿಗೆ ಬೆಟಾಲಿಯನ್‌ಗೆ ಒಂದು, ಮೂರೂ ಎತ್ತುತ್ತಾನೆ.

ಹೇಮಾವತಿದಡ
ಇದನ್ನು ಮೊದಲೇ ಹೇಳಬಾರದಿತ್ತಾ! ಎರಡು ದಿನದಿಂದ ಟ್ಯಾಂಕ್ ಎಣಿಸುತ್ತಾ ಕೂತಿದ್ದೇವೆ.

ನೀವು ಇಟ್ಟಿರುವುದು ಸ್ಪಿಂಡ್ಲರ್ ಪಡೆಯೇ ಅಲ್ಲ, ಅದು ಸೇರುವ ಮೊದಲಿನ ಚೂರುಗಳು. ಒಂದೇ ರಸ್ತೆಯಲ್ಲಿ ಇಂಜಿನಿಯರ್ ಬಲಕ್ಕೆ, ಫ್ಲಾಕ್ ಎಡಕ್ಕೆ ಇದ್ದಾರೆ ಅಂದುಕೊಳ್ಳಿ. ಒಬ್ಬರ ಚೀಟಿ ಬಂತು, ಪಕ್ಕದವರದು ಬರಲಿಲ್ಲ. ಆ ಸಂದಿನಲ್ಲಿ ನಿಮ್ಮ ತಮ್ಮ ನುಗ್ಗುತ್ತಾನೆ.

ನಿಜವಾಗಿ ಆದದ್ದು ನೋಡಿ. ಸ್ಪಿಂಡ್ಲರ್ ಫಿರಂಗಿ ರೆಜಿಮೆಂಟಿನ ಕಮಾಂಡರ್. ಅವನ ಜನ ತೋಪು ಇಲ್ಲದೆ ಬಂದೂಕು ಹಿಡಿದು ಕಾಲಾಳುಗಳಾಗಿ ಬಂದರು. ಫೊನ್ ಆಲ್‌ವೋರ್ಡನ್‌ನ ಟ್ಯಾಂಕ್ ನಿರೋಧಕದವರು, ಹಾರ್ಡರ್‌ನ ಟ್ಯಾಂಕಿಲ್ಲದ ಸಿಬ್ಬಂದಿ, ಮ್ಯೋಲರ್‌ನ ಇಂಜಿನಿಯರ್‌ಗಳು, ಗ್ರೋಪ್‌ನ ಫ್ಲಾಕ್, ಎಲ್ಲರೂ ಅವನ ಕೈಕೆಳಗೆ ಸೇರಿದರು. ಆಮೇಲೆ ಸಿಕ್ಕಸಿಕ್ಕವರೆಲ್ಲ ಸೇರಿ ಡಜನ್‌ಗೂ ಮೀರಿತು. ಮೂಲ ಯಾವ ಘಟಕ ಅಂತ ಯಾರೂ ಕೇಳಲಿಲ್ಲ. ಈ ರಸ್ತೆ ನಿನ್ನದು, ಇಲ್ಲಿ ಬಂದವರೆಲ್ಲ ನಿನ್ನ ಮಾತು ಕೇಳಬೇಕು, ಅಷ್ಟೇ ಲೆಕ್ಕ. ನಿಮ್ಮ ಲೋಟದಲ್ಲೂ ಚೀಟಿಗಳು ದಳದ ಹೆಸರಲ್ಲಿ ಬೇಡ, ಜಾಗದ ಹೆಸರಲ್ಲಿ ಇರಲಿ. 'ಸ್ಪಿಂಡ್ಲರ್ ಉತ್ತರ', 'ಸ್ಪಿಂಡ್ಲರ್ ದಕ್ಷಿಣ'. ಚೀಟಿ ಬಂದರೆ ಆ ಜಾಗದ ಫ್ಲಾಕ್, ಇಂಜಿನಿಯರ್, ಎಲ್ಲರೂ ಒಟ್ಟಿಗೆ ಚಲಿಸಲಿ.

ಬೋರ್ಡ್‌ಬಸಣ್ಣ_ಹುಬ್ಬಳ್ಳಿ
ಇದು ಖರೇ ಮಾತು. ನಾ ಮೂರು ಸಲ ಆಡೀನಿ ಹಿಂಗ. ನಂದು ಎಂಟು ಅಡಿ ಮೇಜು, ಓಸ್ಟರ್‌ಬೇಕ್ ಊರು ಪೂರ್ತಿ ಥರ್ಮಾಕೋಲ್. ಮರಕ್ಕ ತೆಂಗಿನ ನಾರು, ಹಸಿರು ಬಣ್ಣ. ಫೋಟೊ ಹಾಕ್ತೀನಿ.

ಫೆವಿಕಾಲ್‌ಭಟ
ನಾರಿಗೆ ಬಣ್ಣ ನಿಲ್ಲಲ್ಲ. ನಾನು ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಹರಿದು ಅಂಟಿಸುತ್ತೇನೆ. ನಾಲ್ಕು ವರ್ಷ ಆಯ್ತು, ಇನ್ನೂ ಹಾಗೇ ಇದೆ.

ಮೇಲ್ವಿಚಾರಕ
ಬಸಣ್ಣ, ಫೋಟೊ ಹಾಕಿ. ಆದರೆ ಎಸ್‌ಎಸ್ ಧ್ವಜ, ತಲೆಬುರುಡೆ ಕಾಣುವುದು ಬೇಡ. ಆಟ ಬೇರೆ, ಅವರನ್ನು ಮೆರೆಸುವುದು ಬೇರೆ. ಇದರ ಚರ್ಚೆ ಇಲ್ಲಿ ಬೇಡ.

ತಗಡುಸಿಪಾಯಿ (ಮಂಗಳವಾರ ರಾತ್ರಿ 10:05)
ಆಡಿದೆ. ಗೆದ್ದೆ! ಆದರೆ ಜಾಸ್ತಿಯೇ ಗೆದ್ದೆ. ಫ್ರಾಸ್ಟ್ ಕೂಡ ಸೇತುವೆ ತಲುಪಲಿಲ್ಲ. ತಮ್ಮ ಮೇಜು ಬಿಟ್ಟು ಎದ್ದು ಹೋದ.

ಹೇಮಾವತಿದಡ
ಸ್ಪಿಂಡ್ಲರ್ ಚೀಟಿಯನ್ನು ಮೊದಲ ಸುತ್ತಿಗೇ ಲೋಟಕ್ಕೆ ಹಾಕಿದಿರಾ? ಅದೇ ಕಾರಣ. ಪ್ಯಾರಾಗಳು ಇಳಿದದ್ದು ಮಧ್ಯಾಹ್ನ. ಆಗ ದಾರಿಯಲ್ಲಿ ಇದ್ದವನು ಕ್ರಾಫ್ಟ್ ಒಬ್ಬನೇ, ವೋಲ್ಫ್‌ಹೇಜ ಕಾಡಿನ ಹತ್ತಿರ, ಮುನ್ನೂರು ಚಿಲ್ಲರೆ ಜನ. ಅವನು ಕತ್ತಲಾದ ಮೇಲೆ ಸುತ್ತುವರಿಯುತ್ತಾರೆ ಅಂತ ಹಿಂದೆ ಸರಿದು ಸ್ಪಿಂಡ್ಲರ್ ಸಾಲಿಗೆ ಸೇರಿಕೊಂಡ. ನಿಮ್ಮದು ಸುತ್ತಿಗೆ ಒಂದು ಗಂಟೆ ತಾನೆ? ಮೊದಲ ನಾಲ್ಕು ಸುತ್ತು ಕ್ರಾಫ್ಟ್ ಚೀಟಿ ಮಾತ್ರ. ಐದರಿಂದ ಸ್ಪಿಂಡ್ಲರ್‌ನ ಒಂದು, ಏಳರಿಂದ ಎರಡೂ. ದಡದ ರಸ್ತೆಯಲ್ಲಿ ಯಾರನ್ನೂ ಇಡಬೇಡಿ.

ಇನ್ನೊಂದು. ಹೀಗೆ ಸೇರಿಸಿದ ಪಡೆಗೆ ಬೆಲೆಯೂ ತೆರಬೇಕು. ಪಕ್ಕದಲ್ಲಿರುವವನ ಹೆಸರೂ ಗೊತ್ತಿಲ್ಲ. ಫಿರಂಗಿಯವನಿಗೆ ಬೀದಿ ಕಾಳಗ ಬರಲ್ಲ. ನಾನು ಅವರಿಗೆ ರಕ್ಷಣೆಯಲ್ಲಿ ಪೂರ್ತಿ ಅಂಕ, ದಾಳಿಯಲ್ಲಿ ಅರ್ಧ ಕೊಡುತ್ತೇನೆ.

ತಗಡುಸಿಪಾಯಿ
9ನೇ ಡಿವಿಷನ್‌ನ ವಿಚಕ್ಷಣಾ ದಳದ ಕಮಾಂಡರ್ ಗ್ರೇಬ್ನರ್‌ನನ್ನು ಏನು ಮಾಡಲಿ? ಅವನ ಬಳಿ ಸುಮಾರು 40 ವಾಹನ ಇವೆ. ಸೇತುವೆ ಮೇಲೇ ನಿಲ್ಲಿಸಿಬಿಡಲಾ?

ಹೇಮಾವತಿದಡ
ನಿಲ್ಲಿಸಿದರೆ ಆಟವೇ ಮುಗಿಯಿತು. ಅವನು ಸಂಜೆ ಅದೇ ಸೇತುವೆ ದಾಟಿ ದಕ್ಷಿಣಕ್ಕೆ ನೈಮೇಖನ್ ಕಡೆ ಹೋದ, ಕಾವಲಿಗೆ ಯಾರನ್ನೂ ಬಿಡಲಿಲ್ಲ. ಸ್ವಲ್ಪ ಹೊತ್ತಿಗೇ ಫ್ರಾಸ್ಟ್‌ನವರು ಬಂದು ಉತ್ತರದ ತುದಿ ಹಿಡಿದರು. 18ರ ಬೆಳಗ್ಗೆ ವಾಪಸ್ ನುಗ್ಗಿದಾಗ ಗ್ರೇಬ್ನರ್ ಅಲ್ಲೇ ಸತ್ತ.

ಪ್ಯಾಂಥರ್‌ಪುಟ್ಟಣ್ಣ
ಒಟ್ಟಿನಲ್ಲಿ ಇಡೀ ಆರ್ನೆಮ್‌ನಲ್ಲಿ ಇಡಲು ಒಂದೂ ಒಳ್ಳೇ ಟ್ಯಾಂಕ್ ಇಲ್ಲ ಅಂತೀರಾ?

ಹೇಮಾವತಿದಡ
ಪಶ್ಚಿಮದಿಂದ ಜರ್ಮನ್ ಜನರಲ್ ಫೊನ್ ಟೆಟ್ಟೌ ಬಂದನಲ್ಲ, ಅವನದು ಇನ್ನೂ ವಿಚಿತ್ರ. ತರಬೇತಿ ಶಾಲೆಯವರು, ವಾಯುಪಡೆಯವರು, ನೌಕಾಪಡೆಯವರು, ಡಚ್ ಕಾವಲು ಬೆಟಾಲಿಯನ್. ಅವರ ಜೊತೆ ಫ್ರಾನ್ಸ್‌ನಿಂದ ವಶಪಡಿಸಿಕೊಂಡ ಹಳೇ ಶಾರ್ ಬಿ1 ಟ್ಯಾಂಕ್‌ಗಳು. ಬ್ರಿಟಿಷ್ ಟ್ಯಾಂಕ್ ನಿರೋಧಕ ತೋಪುಗಳು ಅವನ್ನು ಹೊಡೆದು ಹಾಕಿದವು. ಬೇಕಿದ್ದರೆ ನಾಲ್ಕನೇ ದಿನಕ್ಕೆ ಎರಡು ಇಡಿ.

ಪ್ಯಾಂಥರ್‌ಪುಟ್ಟಣ್ಣ
ಇತ್ತು ತಾನೆ. ಮೊದಲನೇ ದಿನದಿಂದ ಅದನ್ನೇ ಹೇಳ್ತಾ ಇದ್ದೀನಿ.